ಒಂದೇ ಪುಸ್ತಕದ ಲೆಕ್ಕ

ಕೊಟ್ಟಾರದ ನಮ್ಮ ಮನೆಗೆ ಬಜ್ಪೆ ದೂರವೇನಲ್ಲ. ಆದರೂ ನನ್ನಕ್ಕ ಇದುವರೆಗೆ ವಿಮಾನ ಹತ್ತಿದವಳಲ್ಲ. ನಮ್ಮ ಹಿರಿಯರು ಮುಂಬಯಿಗೆ ಹಡಗಿನಲ್ಲಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ. 1951ರಲ್ಲಿ ಬಜ್ಪೆಯ ನಿಲ್ದಾಣ ಆರಂಭವಾಯಿತು, 2006ರಲ್ಲಿ ಅಲ್ಲಿಂದ ದುಬೈಗೆ ವಿಮಾನವೂ ಹಾರಿತು. ಅಕ್ಕ ಮಾತ್ರ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದಳು, ನನ್ನನ್ನು ಓದಿಸಿದಳು.

ಮಗಳ ಬಾಣಂತನಕ್ಕೆಂದು ನಾನು ಹೊರಟೆ. ಮುಂಬಯಿಯಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ, ಅಲ್ಲಿಂದ ಶಿಕಾಗೋಗೆ ಯುನೈಟೆಡ್, ಮಗನಿರುವ ಟೊರಾಂಟೋಗೆ ಏರ್ ಕೆನಡಾ, ದೆಹಲಿಗೆ ಮರಳಲು ಏರ್ ಇಂಡಿಯಾ. “ಅಮ್ಮಾ, ಮೈಲಿ ಬರುತ್ತದೆ, ಸದಸ್ಯೆಯಾಗು” ಎಂದಳು ಮಗಳು. ನಾಲ್ಕು ಕಂಪೆನಿ, ಯಾವುದಕ್ಕೆ ಸೇರುವುದು?

ಈ ಮೈಲಿಯ ಕಥೆ ಕೇಳಿ. 1978ರಲ್ಲಿ ಅಮೆರಿಕ ಸರಕಾರ ವಿಮಾನದರದ ಮೇಲಿನ ಹಿಡಿತ ಬಿಟ್ಟಿತು. ಕಂಪೆನಿಗಳು ಗಿರಾಕಿಗಾಗಿ ಪೈಪೋಟಿಗೆ ಬಿದ್ದವು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಹಾರಿದ ದೂರವನ್ನು ಲೆಕ್ಕವಿಟ್ಟು ಬಿಟ್ಟಿ ಟಿಕೇಟು ಕೊಡುವ ಯೋಜನೆ ತಂದಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡಾ. ಆದರೆ ಒಂದರ ಮೈಲಿ ಇನ್ನೊಂದಕ್ಕೆ ಸುಲಭವಾಗಿ ಸಲ್ಲುತ್ತಿರಲಿಲ್ಲ. 1997ರಲ್ಲಿ ಐದು ಕಂಪೆನಿಗಳು ಸೇರಿ ಸ್ಟಾರ್ ಅಲೈಯನ್ಸ್ ಎಂಬ ಕೂಟ ಕಟ್ಟಿದವು. 2014ರಲ್ಲಿ ಏರ್ ಇಂಡಿಯಾವೂ ಸೇರಿತು. ನನ್ನ ನಾಲ್ಕು ಕಂಪೆನಿಗಳೂ ಈ ಕೂಟದವೇ!

ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಎಲೆ ಕತ್ತರಿಸುವುದನ್ನು ನಿಲ್ಲಿಸಿ, “ಅದರಲ್ಲಿ ಎಂತ ಉಂಟು ಮಾರಾಯ್ತಿ? ನಾಲ್ಕು ಬ್ರಾಂಚಿಗೆ ಚೂರುಚೂರು ಬೀಡಿ ಕೊಟ್ಟರೆ ಬೋನಸ್ ಎಲ್ಲಿಂದ ಬರ್ತದೆ? ಒಂದೇ ಪುಸ್ತಕದಲ್ಲಿ ಬರೆಸು” ಎಂದಳು.

ಸರಿ, ಆದರೆ ಯಾರ ಪುಸ್ತಕ? ಪದೇ ಪದೇ ಹಾರುವವರಿಗೆ ಕೂರುವ ಕೋಣೆ, ಮೇಲಿನ ದರ್ಜೆಯ ಆಸೆ ಇರಬಹುದು. ನಾನು ನಾಲ್ಕೈದು ವರ್ಷಕ್ಕೊಮ್ಮೆ ಹೋಗುವವಳು. ಕೆಲವು ಖಾತೆಗಳ ಮೈಲಿ ಬಳಸದಿದ್ದರೆ ಅಳಿದುಹೋಗುತ್ತದೆ. ಯುನೈಟೆಡ್ 2019ರಲ್ಲಿ ಆ ಗಡುವನ್ನೇ ತೆಗೆದುಹಾಕಿದೆ. ಅದರ ಮೈಲಿಯಿಂದ ಬೇರೆಯವರ ಹೆಸರಿಗೂ ಟಿಕೇಟು ತೆಗೆಯಬಹುದು. ನನಗೆ ಅಷ್ಟು ಸಾಕಾಯಿತು.

ಇನ್ನೆರಡು ಸಂಗತಿ ನೀವೂ ನೆನಪಿಡಿ. ಎಲ್ಲ ಅಗ್ಗದ ಟಿಕೇಟಿಗೂ ಪೂರ್ತಿ ಮೈಲಿ ಬರುವುದಿಲ್ಲ. ಟಿಕೇಟಿನ ವರ್ಗ ಯಾವುದೆಂದು ಕೊಳ್ಳುವ ಮೊದಲೇ ಕೇಳಬೇಕು. 2015ರಿಂದ ಯುನೈಟೆಡ್ ತಾನೇ ಕೊಟ್ಟ ಟಿಕೇಟಿಗೆ ದೂರವನ್ನಲ್ಲ, ತೆತ್ತ ಹಣವನ್ನು ಎಣಿಸುತ್ತದೆ. ಇನ್ನು, ಬೋರ್ಡಿಂಗ್ ಪಾಸಿನ ಚೂರನ್ನು ಮೈಲಿ ಖಾತೆಗೆ ಬರುವ ತನಕ ಎಸೆಯಬಾರದು. ಬರೆಸಿಕೊಳ್ಳದ ಬೀಡಿಯ ಹಾಗೆ ಅದಕ್ಕೂ ಸಾಕ್ಷಿ ಬೇಕು.

ಮರಳಿ ಬಂದು ಖಾತೆ ತೆರೆದು ನೋಡಿದೆ. ಅಕ್ಕನನ್ನು ಶಿಕಾಗೋಗೆ ಕಳಿಸುವಷ್ಟು ಮೈಲಿ ಇರಲಿಲ್ಲ. ಮಗಳು ಇನ್ನೊಮ್ಮೆ ಕರೆದಾಳು, ಮೈಲಿ ಬೆಳೆದೀತು.

“ನಿನ್ನ ಪುಸ್ತಕ ತುಂಬುವಾಗ ನಾನಿರ್ತೇನೋ ಇಲ್ಲವೋ” ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಮರುದಿನವೇ ಅವಳ ಫೋಟೋ ತೆಗೆಸಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದೆ. ಕಡಿಮೆ ಬಿದ್ದ ಮೈಲಿಗೆ ಕೈಯಿಂದಲೇ ಹಣ ಹಾಕಿದರಾಯಿತು. ಅವಳು ಕಟ್ಟಿದ ಬೀಡಿಯನ್ನು ನಾನೇನು ಎಣಿಸಿದ್ದೆನೇ?