ಗಡಿ ದಾಟಿದ ಲೈಸೆನ್ಸ್

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಕಾರು ಓಡಿಸುವವರು ಒಬ್ಬರಾದರೂ ಇದ್ದಾರು. ಅವರು ಹತ್ತು ವರ್ಷ ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಒಂದು ಗೀರೂ ಬೀಳದಂತೆ ಕಾರು ನಡೆಸಿದವರು ಎಂದುಕೊಳ್ಳಿ. ಉದ್ಯೋಗದ ನಿಮಿತ್ತ ಅವರು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿ ಅಲ್ಲಿಯೇ ಮನೆ ಮಾಡುತ್ತಾರೆ. ಮೊದಲ ಆರು ತಿಂಗಳು ಅವರ ಭಾರತೀಯ ಲೈಸೆನ್ಸಿಗೆ ಅಲ್ಲಿ ಮನ್ನಣೆ ಉಂಟು. ಆ ಅವಧಿ ಮುಗಿದ ಮರುದಿನ ಅದೇ ವ್ಯಕ್ತಿ, ಅದೇ ಕಾರಿನಲ್ಲಿ, ಅದೇ ಬೀದಿಗೆ ಇಳಿದರೆ ಲೈಸೆನ್ಸ್ ಇಲ್ಲದೆ ವಾಹನ ಓಡಿಸಿದ ಅಪರಾಧಿಯಾಗುತ್ತಾರೆ. ಅಲ್ಲಿನ ಕಾನೂನಿನಂತೆ ಇದಕ್ಕೆ ದಂಡ ಅಥವಾ ಒಂದು ವರ್ಷದವರೆಗಿನ ಸೆರೆವಾಸ. ಒಂದೇ ರಾತ್ರಿಯಲ್ಲಿ ಅವರು ಚಾಲನೆಯನ್ನು ಮರೆತುಬಿಟ್ಟರೇ? ಖಂಡಿತ ಇಲ್ಲ. ಹಾಗಾದರೆ ಬದಲಾದದ್ದು ಏನು? ಇದನ್ನು ತಿಳಿಯಲು ಲೈಸೆನ್ಸ್ ಎಂಬ ಈ ಪುಟ್ಟ ಪತ್ರದ ಚರಿತ್ರೆಯನ್ನು ನಾವು ಸ್ವಲ್ಪ ನೋಡಬೇಕು.

ಈ ಚರಿತ್ರೆ ಆರಂಭವಾಗುವುದೂ ಜರ್ಮನಿಯಲ್ಲಿಯೇ. 1886ರಲ್ಲಿ ಮೋಟಾರು ವಾಹನಕ್ಕೆ ಪೇಟೆಂಟ್ ಪಡೆದ ಕಾರ್ಲ್ ಬೆಂಜ್, 1888ರ ಆಗಸ್ಟ್‌ನಲ್ಲಿ ತಮ್ಮ ಗಾಡಿಯನ್ನು ರಸ್ತೆಯಲ್ಲಿ ಓಡಿಸಲು ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ಲಿಖಿತ ಅನುಮತಿ ಪಡೆದರು. ಆ ಅನುಮತಿ ಮ್ಯಾನ್‌ಹೈಮ್ ನಗರದ ಆಸುಪಾಸಿನ ರಸ್ತೆಗಳಿಗೆ ಸಂಬಂಧಿಸಿದ್ದು. ಇದನ್ನು ಗಮನದಲ್ಲಿಡಿ. ಹುಟ್ಟಿದ ದಿನದಿಂದಲೂ ಲೈಸೆನ್ಸ್ ಒಬ್ಬ ವ್ಯಕ್ತಿಗೆ ಕೊಟ್ಟದ್ದಾದರೂ ಒಂದು ಸ್ಥಳಕ್ಕೆ ಕಟ್ಟಿದ್ದು.

ಮುಂದೆ 1893ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಇಲಾಖೆ ವಾಹನ ನಡೆಸುವವರಿಗೆ ಅರ್ಹತಾ ಪತ್ರವನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ 1903ರ ಕಾಯಿದೆಯ ಪ್ರಕಾರ 1904ರ ಜನವರಿ 1ರಿಂದ ಲೈಸೆನ್ಸ್ ಬಂದಿತು. ಅಲ್ಲಿನ ವಿಶೇಷವೆಂದರೆ, ಐದು ಶಿಲಿಂಗ್ ಕೊಟ್ಟರೆ ಸಾಕು, ಯಾವ ಪರೀಕ್ಷೆಯೂ ಇರಲಿಲ್ಲ. ಚಾಲನಾ ಪರೀಕ್ಷೆ ಅಲ್ಲಿ ಕಡ್ಡಾಯವಾದದ್ದು 1935ರಲ್ಲಿ. ಅಂದರೆ ಮೂರು ದಶಕಗಳ ಕಾಲ ಒಂದು ದೇಶದ ಲೈಸೆನ್ಸ್ ಕೌಶಲಕ್ಕೆ ಸಾಕ್ಷಿಯಾಗಿತ್ತು, ಇನ್ನೊಂದು ದೇಶದ ಲೈಸೆನ್ಸ್ ಬರಿಯ ಹಣ ಸಂದಾಯದ ರಸೀದಿಯಂತಿತ್ತು. ಇಂಥ ಎರಡು ಪತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಕಾರುಗಳು ಗಡಿ ದಾಟತೊಡಗಿದಾಗ ಈ ಪ್ರಶ್ನೆ ಎದುರಾಯಿತು. 1909ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ರಾಷ್ಟ್ರಗಳು ವಾಹನ ಮತ್ತು ಚಾಲಕ ಇಬ್ಬರ ವಿವರವನ್ನೂ ಒಳಗೊಂಡ ಒಂದು ಅಂತಾರಾಷ್ಟ್ರೀಯ ಪತ್ರವನ್ನು ರೂಪಿಸಿದವು. 1926ರಲ್ಲಿ ಅದೇ ನಗರದಲ್ಲಿ ಆದ ಇನ್ನೊಂದು ಒಡಂಬಡಿಕೆ ಚಾಲಕನ ಪತ್ರವನ್ನು ವಾಹನದ ಪತ್ರದಿಂದ ಬೇರ್ಪಡಿಸಿತು. 1949ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಸ್ತೆ ಸಂಚಾರದ ಒಡಂಬಡಿಕೆ ಏರ್ಪಟ್ಟಿತು. ಭಾರತ ಇದನ್ನು 1962ರಲ್ಲಿ ಸೇರಿತು. ಇಂದು ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಗಳಲ್ಲಿ, ಅಂದರೆ ನೀವೆಲ್ಲ ಬಲ್ಲ ಆರ್‌ಟಿಓಗಳಲ್ಲಿ, ವಿದೇಶಕ್ಕೆ ಹೊರಟವರಿಗೆ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯ ಹಿನ್ನೆಲೆ ಇದು. ಆ ಪುಸ್ತಿಕೆ ಸ್ವತಂತ್ರವಾದ ಲೈಸೆನ್ಸ್ ಅಲ್ಲ. ಊರಿನ ಲೈಸೆನ್ಸನ್ನು ಪರದೇಶದವರಿಗೆ ಓದಿ ಹೇಳುವ ದುಭಾಷಿ ಎನ್ನಬಹುದು. ಮೂಲ ಲೈಸೆನ್ಸ್ ಜೊತೆಯಲ್ಲಿರಲೇಬೇಕು.

ಈ ಒಡಂಬಡಿಕೆಗಳ ಒಳಗೆ ಒಂದು ಮುಖ್ಯ ಗೆರೆ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ತನ್ನ ನೆಲದಲ್ಲಿ ಉಳಿದ ಚಾಲಕನಿಗೆ ಈ ಸೌಲಭ್ಯ ಕೊಡಬೇಕಾದ ಹೊಣೆ ಯಾವ ದೇಶಕ್ಕೂ ಇಲ್ಲವೆಂದು ಜಿನೀವಾ ಒಡಂಬಡಿಕೆ ಹೇಳುತ್ತದೆ. 1968ರಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ, ಜರ್ಮನಿಯೂ ಸೇರಿರುವ ಒಡಂಬಡಿಕೆ ಇನ್ನೂ ಸ್ಪಷ್ಟ: ಲೈಸೆನ್ಸ್ ಪಡೆದ ಮೇಲೆ ತನ್ನ ವಾಸವನ್ನೇ ಬೇರೆ ದೇಶಕ್ಕೆ ಬದಲಿಸಿಕೊಂಡವನ ಪತ್ರವನ್ನು ಆ ದೇಶ ಒಪ್ಪಲೇಬೇಕೆಂದಿಲ್ಲ. ಅತಿಥಿಗೆ ಒಂದು ನಿಯಮ, ನಿವಾಸಿಗೆ ಇನ್ನೊಂದು. ಎಲ್ಲಿಯವರೆಗೆ ಅತಿಥಿ ಎಂಬುದನ್ನು ಆಯಾ ದೇಶವೇ ನಿರ್ಧರಿಸುತ್ತದೆ. ನಮ್ಮವರಿಗೆ ಬ್ರಿಟನ್ನಿನಲ್ಲಿ ಅದು ಹನ್ನೆರಡು ತಿಂಗಳು, ಜರ್ಮನಿಯಲ್ಲಿ ಆರು ತಿಂಗಳು. ಮ್ಯೂನಿಕ್‌ನ ನಮ್ಮ ಮಿತ್ರರಿಗೆ ಆ ರಾತ್ರಿ ಆದದ್ದು ಇಷ್ಟೇ. ಅವರು ಅತಿಥಿಯ ಸ್ಥಾನದಿಂದ ನಿವಾಸಿಯ ಸ್ಥಾನಕ್ಕೆ ಬಂದರು.

ಈಗ ಅವರು ಏನು ಮಾಡಬೇಕು? ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು, ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಬೇಕು, ಆಮೇಲೆ ನಿಯಮಗಳ ಪರೀಕ್ಷೆ ಮತ್ತು ರಸ್ತೆಯ ಪರೀಕ್ಷೆ ಎರಡರಲ್ಲೂ ತೇರ್ಗಡೆಯಾಗಬೇಕು. ನಿಯಮಗಳ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೂ ಬರೆಯಬಹುದು. ರಸ್ತೆಯ ಪರೀಕ್ಷೆಯಲ್ಲಿ ಚಾಲನಾ ಶಾಲೆಯ ಶಿಕ್ಷಕರು ಪಕ್ಕದಲ್ಲಿ ಕುಳಿತಿರುತ್ತಾರೆ, ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಒಂದು ರಿಯಾಯಿತಿ ಉಂಟು. ಹೊಸಬರಿಗೆ ಕಡ್ಡಾಯವಾದಷ್ಟು ಗಂಟೆಗಳ ಪಾಠ ಇವರಿಗೆ ಕಡ್ಡಾಯವಲ್ಲ. ಆದರೂ ಜಾಣರು ಕೆಲವು ಪಾಠಗಳನ್ನು ತೆಗೆದುಕೊಳ್ಳುತ್ತಾರೆ. ಏಕೆಂದರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ ಬಿಡಬೇಕು, ತಿರುಗುವ ಮುನ್ನ ಕನ್ನಡಿ ಮಾತ್ರವಲ್ಲದೆ ಹೆಗಲ ಮೇಲಿಂದ ಹಿಂದಿರುಗಿ ನೋಡಬೇಕು, ಬಲಕ್ಕೆ ತಿರುಗುವಾಗ ನೇರ ಹೋಗುವ ಸೈಕಲ್ ಸವಾರನಿಗೆ ಕಾಯಬೇಕು. ಹತ್ತು ವರ್ಷದ ಅಭ್ಯಾಸವೇ ಇಲ್ಲಿ ಅಡ್ಡ ಬರುತ್ತದೆ. ಕೊನೆಗೆ ಹೊಸ ಲೈಸೆನ್ಸ್ ಕೈಗೆ ಬರುವಾಗ ಹಳೆಯದನ್ನು ಒಪ್ಪಿಸಬೇಕು.

‘ನಮ್ಮಲ್ಲಿ ಎಡಗಡೆ, ಅಲ್ಲಿ ಬಲಗಡೆ, ಅದಕ್ಕಾಗಿಯೇ ಮರುಪರೀಕ್ಷೆ’ ಎಂದು ನಿಮಗೆ ತೋರಬಹುದು. ಆದರೆ ಇದು ಪೂರ್ತಿ ಉತ್ತರವಲ್ಲ. ಕೆಲವು ದೇಶಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡಲು ಜರ್ಮನಿ ಒಂದು ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಜಪಾನ್, ಸಿಂಗಪುರ, ದಕ್ಷಿಣ ಆಫ್ರಿಕಗಳಿವೆ. ಈ ಮೂರೂ ನಮ್ಮಂತೆ ಎಡಗಡೆ ವಾಹನ ನಡೆಸುವ ದೇಶಗಳೇ! ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಅಲ್ಲಿನ ರಾಜ್ಯಗಳು. ಜರ್ಮನಿಯ ಪಟ್ಟಿಯಲ್ಲಿ ಕೆಲವು ರಾಜ್ಯಗಳವರಿಗೆ ಎರಡೂ ಪರೀಕ್ಷೆಗಳಿಂದ ವಿನಾಯಿತಿ, ಕೆಲವರಿಗೆ ರಸ್ತೆಯ ಪರೀಕ್ಷೆಯಿಂದ ಮಾತ್ರ, ಪಟ್ಟಿಯಲ್ಲಿ ಇಲ್ಲದ ರಾಜ್ಯದವರಿಗೆ ಯಾವುದೂ ಇಲ್ಲ. ಒಂದೇ ದೇಶದ ಇಬ್ಬರು, ಒಂದೇ ಕಚೇರಿಯ ಇಬ್ಬರು, ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಭಾರತ ಈ ಪಟ್ಟಿಯಲ್ಲಿ ಇಲ್ಲ. ಇಂಥ ಪಟ್ಟಿಗಳ ಹಿಂದೆ ಎರಡು ಸರ್ಕಾರಗಳ ನಡುವಿನ ಕೊಡು-ಕೊಳ್ಳುವಿಕೆ ಇರುತ್ತದೆ. ‘ನಿನ್ನ ಪರೀಕ್ಷೆಯನ್ನು ನಾನು ನಂಬುತ್ತೇನೆ, ನನ್ನದನ್ನು ನೀನು ನಂಬು’ ಎಂಬುದೇ ಅದರ ತಿರುಳು. ಚಾಲಕ ಎಷ್ಟು ನಿಪುಣ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅವನನ್ನು ಪರೀಕ್ಷಿಸಿದವರ ಮಾತಿಗೆ ಬೆಲೆ ಎಷ್ಟು ಎಂಬುದೇ ಪ್ರಶ್ನೆ.

ಕೌಶಲ ಬೇರೆ, ಅನುಮತಿ ಬೇರೆ ಎಂಬುದಕ್ಕೆ ತಿರುವುಮುರುವಾದ ಉದಾಹರಣೆಯೊಂದು ಸೌದಿ ಅರೇಬಿಯದಲ್ಲಿದೆ. ಅಲ್ಲಿ ಬಹುಕಾಲ ಸ್ತ್ರೀಯರಿಗೆ ಲೈಸೆನ್ಸ್ ಕೊಡುತ್ತಿರಲಿಲ್ಲ. ವಿದೇಶದಲ್ಲಿ ಕಲಿತು ಪರೀಕ್ಷೆ ಗೆದ್ದು ಬಂದ ಸೌದಿ ಮಹಿಳೆಗೂ ಸ್ವಂತ ಊರಿನಲ್ಲಿ ಆ ಪತ್ರ ನಿರುಪಯೋಗಿ. 1990ರ ನವೆಂಬರ್‌ನಲ್ಲಿ ರಾಜಧಾನಿ ರಿಯಾದ್‌ನಲ್ಲಿ ನಲವತ್ತಕ್ಕೂ ಹೆಚ್ಚು ಮಹಿಳೆಯರು ಕಾರು ಓಡಿಸಿ ಇದನ್ನು ಪ್ರತಿಭಟಿಸಿದರು. 2018ರ ಜೂನ್ 24ರಂದು ನಿಷೇಧ ತೆರವಾಯಿತು. ಅದಕ್ಕೆ ಕೆಲವು ದಿನ ಮೊದಲು ಮೊತ್ತಮೊದಲ ಲೈಸೆನ್ಸ್ ಪಡೆದ ಹತ್ತು ಮಹಿಳೆಯರು ತಮ್ಮ ವಿದೇಶಿ ಲೈಸೆನ್ಸ್ ಕೊಟ್ಟು ಸ್ವದೇಶದ್ದನ್ನು ಪಡೆದವರು. ಅವರ ಕೈಯ ನೈಪುಣ್ಯ ಮೊದಲೇ ಇತ್ತು, ಹೊಸದಾಗಿ ಬಂದದ್ದು ಪ್ರಭುತ್ವದ ಒಪ್ಪಿಗೆ.

ಮಿತ್ರರೇ, ನಿಮ್ಮಲ್ಲಿ ಹಲವರು ನಾಳೆ ಓದಿಗಾಗಿಯೋ ಕೆಲಸಕ್ಕಾಗಿಯೋ ಹೊರನಾಡಿಗೆ ಹೋಗುವಿರಿ. ಹೋದ ದಿನವೇ ಕ್ಯಾಲೆಂಡರಿನಲ್ಲಿ ಗಡುವಿನ ತಾರೀಖನ್ನು ಗುರುತು ಹಾಕಿಕೊಳ್ಳಿ, ಪರೀಕ್ಷೆಗೆ ಬೇಗ ಅರ್ಜಿ ಹಾಕಿ. ಮತ್ತೆ ವಿದ್ಯಾರ್ಥಿಯಾಗಿ ಕೂರಬೇಕಾದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಅಲ್ಲಿನ ರಸ್ತೆಯಲ್ಲಿ ನಡೆಯುವ ಮಗುವಿಗೂ ಸೈಕಲ್ ಸವಾರನಿಗೂ ನೀವು ಹೊಸಬರೇ. ಅದರ ಜೊತೆಗೆ ಇನ್ನೊಂದು ಮಾತನ್ನೂ ಮರೆಯಬೇಡಿ. ಹದಿನೆಂಟು ತುಂಬಿದ ಮೇಲೆ ನೀವು ನಮ್ಮ ಆರ್‌ಟಿಓ ಮೈದಾನದಲ್ಲಿ ಪರೀಕ್ಷೆಗೆ ನಿಲ್ಲುವಿರಿ. ಆಗ ‘ಯಾರಿಗಾದರೂ ಹೇಳಿಸಿ ಪಾಸು ಮಾಡಿಸೋಣ’ ಎಂಬ ಸಲಹೆ ಬಂದರೆ ಒಪ್ಪಬೇಡಿ. ಒಂದು ನಾಡಿನ ಲೈಸೆನ್ಸಿಗೆ ಪರನಾಡಿನಲ್ಲಿ ದೊರೆಯುವ ಬೆಲೆ ಒಪ್ಪಂದದ ಮೇಜಿನ ಮೇಲೆ ನಿಗದಿಯಾಗಬಹುದು. ಆದರೆ ಆ ಮೇಜಿನ ಮುಂದೆ ಕೂರುವವರು ಧೈರ್ಯವಾಗಿ ಮಾತಾಡಬೇಕಾದರೆ, ಇಲ್ಲಿನ ಮೈದಾನದಲ್ಲಿ ಪರೀಕ್ಷೆ ಪ್ರಾಮಾಣಿಕವಾಗಿ ನಡೆದಿರಬೇಕು.