ಹೊಲಿಗೆ ಯಂತ್ರದಿಂದ ಕಾರಿನ ಹೆಡ್‌ವರೆಗೆ: ಒಂದು ಹಲ್ಲಿನ ಬೆಲ್ಟಿನ ಕಥೆ

ಚಳ್ಳಕೆರೆಯಿಂದ ಹಿರಿಯೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಹಳೇ ಡೀಸೆಲ್ ಕಾರು ಇದ್ದಕ್ಕಿದ್ದಂತೆ ನಿಂತುಹೋಯಿತು. ಶೇಂಗಾ ಬಿತ್ತನೆ ಬೀಜದ ವರದಿಗೆ ಹೊರಟಿದ್ದೆವು. ಟಪ್ ಎಂದು ಸಣ್ಣ ಸದ್ದು, ಅಷ್ಟೇ. ಹೊಗೆ ಇಲ್ಲ, ಇಂಜಿನ್ ಬಿಸಿಯೂ ಆಗಿರಲಿಲ್ಲ. ಸೆಲ್ಫ್ ಹೊಡೆದರೆ ಯಾವತ್ತೂ ಇಲ್ಲದಷ್ಟು ಹಗುರವಾಗಿ ಗಿರ್ರನೆ ತಿರುಗಿತು, ಸ್ಟಾರ್ಟ್ ಮಾತ್ರ ಆಗಲಿಲ್ಲ. ನಾಲ್ಕೈದು ಸಲ ಹೊಡೆದೆವು. ಅದನ್ನೇ ಮಾಡಬಾರದಿತ್ತು.

"ಟೈಮಿಂಗ್ ಬೆಲ್ಟ್ ಕಟ್ಟಾಗೈತೆ ಸಾರ್. ಇನ್ಮೇಲೆ ಕೀ ಮುಟ್ಟಬ್ಯಾಡ್ರಿ. ಹೆಡ್ ಬಿಚ್ಚಿದ ಮ್ಯಾಲೇ ಮಿಕ್ಕಿದ್ದು ಮಾತಾಡಣ" ಎಂದರು ಮೇಸ್ತ್ರಿ.

ರಿಪೇರಿಗೆ ಒಂಬತ್ತು ದಿನ ಹಿಡಿಯಿತು. ಗ್ಯಾರೇಜಿನ ಬೆಂಚಿನ ಮೇಲೆ ಕೂತು ಅವರ ಕೆಲಸ ನೋಡುತ್ತಾ, ಈ ಬೆಲ್ಟು ಕಾರಿನೊಳಗೆ ಬಂದದ್ದಾದರೂ ಹೇಗೆ ಎಂದು ಹುಡುಕುತ್ತಾ ಹೋದೆವು.

ಮೊದಲು ಹೆಡ್ಡಿನ ವಿಷಯ. ಆರಂಭದ ಅನೇಕ ಕಾರುಗಳಲ್ಲಿ ಸಿಲಿಂಡರ್ ಮತ್ತು ಅದರ ತಲೆ ಒಂದೇ ಎರಕದಲ್ಲಿ ಬರುತ್ತಿದ್ದವು, ಬಿಚ್ಚುವಂತಿರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಹೆಡ್ಡನ್ನು ಬೋಲ್ಟ್ ಬಿಚ್ಚಿ ಎತ್ತಬಹುದಿತ್ತು. ಅದರ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಪಿಸ್ಟನ್ ತನ್ನ ದಾರಿಯಲ್ಲಿ, ವಾಲ್ವ್ ತನ್ನ ದಾರಿಯಲ್ಲಿ. ಎರಡೂ ಢಿಕ್ಕಿ ಹೊಡೆಯುವ ಮಾತೇ ಇರಲಿಲ್ಲ.

ಆದರೆ ವಾಲ್ವ್ ಪಕ್ಕದಲ್ಲಿದ್ದರೆ ಗಾಳಿ ಸುತ್ತಿ ಬಳಸಿ ಒಳಗೆ ಬರಬೇಕು, ಶಕ್ತಿ ಕಡಿಮೆ. ಅದಕ್ಕೇ ವಾಲ್ವ್‌ಗಳನ್ನು ಪಿಸ್ಟನ್ನಿನ ನೆತ್ತಿಯ ಮೇಲೆ ತಂದರು. ನಮ್ಮ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಇದೇ ಜಾತಿಯವು. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನೊಳಗೆ, ಅದನ್ನು ತಿರುಗಿಸಲು ಗಿಡ್ಡನೆಯ ಚೈನು, ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಿನ ವಾಲ್ವ್‌ಗಳನ್ನು ತಳ್ಳುತ್ತವೆ. ಆ ಚೈನು ಸವೆದರೆ ಕರಕರ ಸದ್ದು ಮಾಡಿ ಮೊದಲೇ ಹೇಳುತ್ತದೆ.

ಕ್ಯಾಮ್ ಶಾಫ್ಟನ್ನೇ ಹೆಡ್ಡಿನ ಮೇಲೆ ಕೂರಿಸಿದರೆ ಕಡ್ಡಿಗಳ ಭಾರ ತಪ್ಪುತ್ತದೆ, ಇಂಜಿನ್ ಇನ್ನೂ ಜೋರಾಗಿ ತಿರುಗಬಹುದು. 1912ರ ಫ್ರೆಂಚ್ ಗ್ರ್ಯಾಂಡ್ ಪ್ರಿ ಗೆದ್ದ ಪ್ಯೂಜೋ ಕಾರಿನ ಹೆಡ್ಡಿನ ಮೇಲೆ ಅಂಥ ಎರಡು ಕ್ಯಾಮ್ ಶಾಫ್ಟ್‌ಗಳಿದ್ದವು. ತೊಂದರೆ ಇದ್ದದ್ದು ದೂರದ್ದು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಮೇಲಿನ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಅಷ್ಟು ಎತ್ತರಕ್ಕೆ ಗೇರು ಜೋಡಿಸಿದರೆ ದುಬಾರಿ, ಉದ್ದ ಚೈನು ಹಾಕಿದರೆ ಗಲಾಟೆ.

ನಮ್ಮೂರ ಹಿಟ್ಟಿನ ಗಿರಣಿಯ ಪಟ್ಟಿ ಬೆಲ್ಟು ಹಾಕಿದರೆ ಆಗದೇ? ಆಗದು. ಅದು ಜಾರುತ್ತದೆ. ಗಿರಣಿಯಲ್ಲಿ ಜಾರಿದರೆ ರಾಳ ಸವರಿ ಮುಂದುವರಿಯುತ್ತಾರೆ; ಇಲ್ಲಿ ಒಂದು ಹಲ್ಲು ಜಾರಿದರೂ ಲೆಕ್ಕ ತಪ್ಪುತ್ತದೆ.

ಉತ್ತರ ಬಂದದ್ದು ಹೊಲಿಗೆ ಯಂತ್ರದಿಂದ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿ, ಸಿಂಗರ್ ಯಂತ್ರಗಳಿಗಾಗಿ ಒಳಗೆ ಹಲ್ಲಿರುವ ರಬ್ಬರ್ ಬೆಲ್ಟ್ ಮಾಡಿತು. ಟೈಲರ್ ಅಂಗಡಿಯಲ್ಲಿ ಕೂತವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ಸೂಜಿ ಇಳಿಯುವ ಹೊತ್ತಿಗೆ ಕೆಳಗಿನ ಶಟಲ್ ಸರಿಯಾದ ಜಾಗದಲ್ಲಿರಬೇಕು. ಹೊಂದಾಣಿಕೆ ತಪ್ಪಿದರೆ ಸೂಜಿ ಮುರಿಯುತ್ತದೆ. ನಮ್ಮ ಕಾರಿನಲ್ಲಿ ಆದದ್ದೂ ಅದೇ. ಸೂಜಿಯ ಜಾಗದಲ್ಲಿ ವಾಲ್ವ್ ಇತ್ತು.

1950ರ ದಶಕದಲ್ಲಿ ಬಿಲ್ ಡೆವಿನ್ ಎಂಬ ಅಮೆರಿಕದ ರೇಸ್ ಕಾರು ತಯಾರಕ ಈ ಬೆಲ್ಟನ್ನು ಇಂಜಿನ್ನಿಗೆ ಹಾಕಿ ನೋಡಿದ. ಆದರೆ ಜನಸಾಮಾನ್ಯರು ಕೊಳ್ಳುವ ಕಾರಿಗೆ ತಂದವರು ಜರ್ಮನಿಯ ಬವೇರಿಯಾ ಸೀಮೆಯ ಡಿಂಗೋಲ್ಫಿಂಗ್ ಊರಿನ ಹನ್ಸ್ ಗ್ಲಾಸ್ ಕಂಪನಿಯವರು. ಇವರ ಮೂಲ ಕಸುಬು ಕೇಳಿದರೆ ನಿಮಗೆ ಖುಷಿಯಾದೀತು: ಬಿತ್ತನೆ ಕೂರಿಗೆ ಯಂತ್ರ ಮಾಡುವುದು! ಅಲ್ಲಿಂದ ಸ್ಕೂಟರ್, 1955ರಲ್ಲಿ ಗೊಗ್ಗೊಮೊಬಿಲ್ ಎಂಬ ಪುಟಾಣಿ ಕಾರು, 1962ರಲ್ಲಿ ಹಲ್ಲಿನ ಬೆಲ್ಟಿನ ಗ್ಲಾಸ್ 1004. ರೈತರ ಉಪಕರಣ ಮಾಡುವ ಕಂಪನಿ ದೊಡ್ಡ ದೊಡ್ಡವರಿಗಿಂತ ಮುಂಚೆ ಇದನ್ನು ಮಾಡಿತು ಎನ್ನುವುದು ನಮಗಂತೂ ಬಹಳ ಹಿಡಿಸಿತು. ಕಂಪನಿ ಮಾತ್ರ ಉಳಿಯಲಿಲ್ಲ. 1966ರಲ್ಲಿ ಬಿಎಂಡಬ್ಲ್ಯು ಅದನ್ನು ಕೊಂಡುಕೊಂಡಿತು. ಡಿಂಗೋಲ್ಫಿಂಗ್‌ನಲ್ಲಿ ಈಗ ಬಿಎಂಡಬ್ಲ್ಯುದ ಭಾರೀ ಕಾರ್ಖಾನೆಯಿದೆ.

ಅದೇ ವರ್ಷ ಫಿಯಟ್ ಕೂಡ ಬೆಲ್ಟಿನ ಇಂಜಿನ್ ತಂದಿತು. 1973ರ ತೈಲ ಬಿಕ್ಕಟ್ಟಿನ ನಂತರ ಚಿಕ್ಕ, ಹಗುರ, ಕಡಿಮೆ ಎಣ್ಣೆ ಕುಡಿಯುವ ಇಂಜಿನ್ನುಗಳಿಗೆ ಬೇಡಿಕೆ ಬಂತು, ಬೆಲ್ಟು ಎಲ್ಲೆಡೆ ಹಬ್ಬಿತು. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್‌ನಲ್ಲಿ ಅದು ಕ್ಯಾಮ್ ಶಾಫ್ಟನ್ನೂ ಡೀಸೆಲ್ ಪಂಪನ್ನೂ ಒಟ್ಟಿಗೆ ತಿರುಗಿಸುತ್ತಿತ್ತು.

ಅಪಾಯ ಬೆಳೆದದ್ದು ಇಲ್ಲೇ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹಿಂಡಿ ಹಿಂಡಿ ಬಿಸಿ ಮಾಡಿಯೇ ಬೆಂಕಿ ಹತ್ತಿಸಬೇಕು. ಅದಕ್ಕಾಗಿ ಪಿಸ್ಟನ್ ಹೆಡ್ಡಿಗೆ ತಾಗಿತೇನೋ ಎನ್ನುವಷ್ಟು ಮೇಲೆ ಬರುತ್ತದೆ. ಆ ಗಳಿಗೆಯಲ್ಲಿ ವಾಲ್ವ್ ಮುಚ್ಚಿರಲೇಬೇಕು. ಬೆಲ್ಟು ಕಡಿದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ತೆರೆದ ವಾಲ್ವ್ ತೆರೆದೇ ಇರುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ.

ನಮ್ಮ ದೇಶದಲ್ಲಿ 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಈ ಬೆಲ್ಟನ್ನು ಮನೆಮನೆಗೆ ತಂದಿತು. ಅಂಬಾಸಿಡರ್ ಚೈನು ನೋಡಿ ಬೆಳೆದ ನಮ್ಮ ಮೇಸ್ತ್ರಿ, ಮೊದಲ ಸಲ ಕವರ್ ತೆಗೆದಾಗ "ರಬ್ಬರಿನ ಮ್ಯಾಲೆ ಇಂಜಿನ್ ನಿಲ್ಲಿಸವ್ರಲ್ಲಪ್ಪ" ಅಂದುಕೊಂಡಿದ್ದರಂತೆ. ಆಮೇಲೆ 2000ದಲ್ಲಿ ನಮ್ಮ ಬಿಡದಿಯಿಂದಲೇ ಟೊಯೊಟಾ ಕ್ವಾಲಿಸ್ ಹೊರಬಂತು, ಅದರ ಡೀಸೆಲ್ ಇಂಜಿನ್ನಿಗೂ ಬೆಲ್ಟೇ. ಹಳ್ಳಿಯ ಬಾಡಿಗೆ ಗಾಡಿಗಳು ಬೆಲ್ಟಿನ ಲೆಕ್ಕ ಇಡಲು ಕಲಿತದ್ದು ಇಂಥ ಡೀಸೆಲ್ ಗಾಡಿಗಳಿಂದ.

ಲೆಕ್ಕ ಇಡಬೇಕಾದದ್ದು ಎರಡು: ಓಡಿದ ಕಿಲೋಮೀಟರ್ ಮತ್ತು ಕಳೆದ ವರ್ಷ. ಗಾಡಿ ನಿಂತೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಎಣ್ಣೆ ಸೋರಿ ಬಿದ್ದರಂತೂ ಬೇಗ ಹಾಳಾಗುತ್ತದೆ. ನಮ್ಮ ಕಾರಿನ ಮೀಟರು 62,000 ತೋರಿಸುತ್ತಿತ್ತು. ಮೇಸ್ತ್ರಿ ಬೆಲ್ಟಿನ ಚೂರು, ಪೆಡಲುಗಳ ಸವೆತ ನೋಡಿ ನಕ್ಕರು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೀಟರ್ ಹಿಂದಕ್ಕೆ ತಿರುಗಿಸಿದ್ದನ್ನು ನಾವು ನಂಬಿಬಿಟ್ಟಿದ್ದೆವು. ವರದಿಗಾರರಂತೆ, ಸರಿಹೋಯಿತು! ನೀವು ಹಳೇ ಗಾಡಿ ಕೊಂಡರೆ ಮೀಟರ್ ನಂಬಬೇಡಿ. ಬೆಲ್ಟ್ ಬದಲಿಸಿದ ಬಿಲ್ ಕೇಳಿ, ಇಲ್ಲದಿದ್ದರೆ ಮೊದಲು ಬೆಲ್ಟ್ ಹಾಕಿಸಿ.

ಹೆಡ್ ಇಳಿಸಿದಾಗ ಎಂಟು ವಾಲ್ವ್‌ಗಳಲ್ಲಿ ಆರು ಬಾಗಿದ್ದವು. ಪಿಸ್ಟನ್ ನೆತ್ತಿಯ ಮೇಲೆ ಅರ್ಧಚಂದ್ರದ ಗುರುತು, ಅದೃಷ್ಟಕ್ಕೆ ಬಿರುಕಿರಲಿಲ್ಲ. ಹೆಡ್ ದಾವಣಗೆರೆಯ ಲೇತ್ ಅಂಗಡಿಗೆ ಹೋಯಿತು. ಅಲ್ಲಿ ವಾಲ್ವ್ ಗೈಡ್ ಬದಲಿಸಿ ಸೀಟು ಕಟಿಂಗ್ ಮಾಡಿದರು, ಪಟ್ಟಿ ಇಟ್ಟು ಹೆಡ್ ಡೊಂಕಾಗಿದೆಯೇ ನೋಡಿದರು. ವಾಪಸ್ ಬಂದ ಮೇಲೆ ಮೇಸ್ತ್ರಿ ಒಂದೊಂದೇ ಹೊಸ ವಾಲ್ವಿಗೆ ಪೇಸ್ಟ್ ಸವರಿ, ಕೋಲು ಹಿಡಿದು, ಮಜ್ಜಿಗೆ ಕಡೆದಂತೆ ಎರಡೂ ಅಂಗೈಯಲ್ಲಿ ಉಜ್ಜಿದರು. ವಾಲ್ವಿನ ಸುತ್ತ ಬೂದು ಬಣ್ಣದ ಉಂಗುರ ಎಲ್ಲೂ ಕಡಿಯದೆ ಬರಬೇಕು. ಸ್ಪ್ರಿಂಗ್ ಹಾಕಿ, ಸೀಮೆಎಣ್ಣೆ ತುಂಬಿಸಿ ರಾತ್ರಿಯೆಲ್ಲ ಬಿಟ್ಟರು. ಬೆಳಿಗ್ಗೆ ಒಂದು ವಾಲ್ವಿನ ಬುಡದಲ್ಲಿ ತೇವ ಕಂಡಿತು. ನಾವಾಗಿದ್ದರೆ ಬಿಟ್ಟುಬಿಡುತ್ತಿದ್ದೆವು. ಅವರು ಬಿಚ್ಚಿ ಮತ್ತೆ ಉಜ್ಜಿದರು.

ಹೊಸ ಗ್ಯಾಸ್ಕೆಟ್ ಇಟ್ಟು, ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ಸ್ಪ್ಯಾನರಿನಲ್ಲಿ, ಹಂತಹಂತವಾಗಿ ಬಿಗಿದರು. ಬೆಲ್ಟಿನ ಜೊತೆಗೇ ಟೆನ್ಷನರ್, ವಾಟರ್ ಪಂಪ್, ಆಯಿಲ್ ಸೀಲ್ ಹೊಸದು. ಗುರುತುಗಳನ್ನು ಹೊಂದಿಸಿ ಕೈಯಲ್ಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಆಮೇಲಷ್ಟೇ ನಮಗೆ ಕೀ ಕೊಟ್ಟರು.

ಬಿಲ್ 31,000 ರೂಪಾಯಿ, ಅದರಲ್ಲಿ ಬೆಲ್ಟಿನ ಪಾಲು 1,400. ಸುದ್ದಿಗೆ ಇಂತಿಷ್ಟು ಎಂದು ದುಡಿಯುವ ನಮಗೆ ಅದು ನಾಲ್ಕು ತಿಂಗಳ ಕಂತು. ಬಾಗಿದ ಆರು ವಾಲ್ವ್‌ಗಳನ್ನು ಮೇಸ್ತ್ರಿ ತಂತಿಗೆ ಪೋಣಿಸಿ ಗೋಡೆಗೆ ನೇತುಹಾಕಿದರು. ಆಮೇಲೆ ಬಾನೆಟ್ಟಿನ ಒಳಗೆ ಬಿಳಿ ಪೇಂಟಿನಲ್ಲಿ ತಾರೀಖು ಬರೆದು, ಕಿಲೋಮೀಟರ್ ಎಷ್ಟು ಬರೆಯಲಿ, ಮೀಟರಿನದ್ದೋ ನಿಜದ್ದೋ ಎಂದು ಕೇಳಿದರು.