ಇದ್ದಿಲು ಬಸ್ಸಿನ ಕಾಲ

ಶಿವಮೊಗ್ಗದಿಂದ ಭದ್ರಾವತಿಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಇಷ್ಟು ದೂರಕ್ಕೆ ತಲೆಗೊಂದು ಕಾರು ಬೇಕು ಅನ್ನೋದು ತೀರಾ ಇತ್ತೀಚಿನ ಅಭ್ಯಾಸ ಕಣ್ರೀ.

ಇಲ್ಲಿಗೆ ಕಾರಿಗಿಂತ ಮೊದಲು ಬಂದದ್ದು ರೈಲು. ಬೀರೂರು–ಶಿವಮೊಗ್ಗ ಮೀಟರ್ ಗೇಜ್ ಹಳಿ 1899ರಲ್ಲೇ ಬಂತು. ಭದ್ರಾವತಿಗೆ ಆಗ ಬೆಂಕಿಪುರ ಅಂತ ಹೆಸರು. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಕುಲುಮೆ ಉರಿದದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಕಾಡಿನೊಳಗಿಂದ ಸೌದೆ ತರೋಕೆ ಟ್ರಾಮ್ ಹಳಿಗಳನ್ನೇ ಹಾಕಿದ್ದರು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂತು ನೋಡಿ, ಆಗ ಬಸ್ಸುಗಳೂ ಇದ್ದಿಲಿಗೆ ಇಳಿದವು. ಬಸ್ಸಿನ ಹಿಂದೆ ದೊಡ್ಡ ಡ್ರಮ್ಮಿನಂಥ ಒಲೆ. ಕ್ಲೀನರ್ ಕೈಚಕ್ರ ತಿರುಗಿಸಿ ಗಾಳಿ ಊದಬೇಕು; ಅರೆಬರೆ ಉರಿದ ಇದ್ದಿಲಿನ ಅನಿಲ ಇಂಜಿನ್ನಿಗೆ ಹೋಗಬೇಕು; ಆಮೇಲೆ ಪ್ರಯಾಣ. ಅದಕ್ಕೆ ಪೆಟ್ರೋಲಿನಷ್ಟು ತಾಕತ್ತು ಇರಲಿಲ್ಲ. ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು. ಹಳಬರು ಇದನ್ನು ನಗುನಗುತ್ತಾ ಹೇಳುತ್ತಾರೆ, ಆದರೆ ತಮಾಷೆಯ ಬದುಕೇನಲ್ಲ ಬಿಡಿ.

ಅದನ್ನು ‘ಹಸಿರು’ ಅನ್ನೋಕೆ ನಾನು ತಯಾರಿಲ್ಲ. ಪೆಟ್ರೋಲ್ ಉಳಿಯಿತು, ಕಾಡು ಸುಟ್ಟಿತು. ಕುಲುಮೆಗೂ ಬಸ್ಸಿಗೂ ಬಲಿಯಾದದ್ದು ಮರವೇ. ಆ ಕಾಲದಲ್ಲಿ ನನಗೆ ಮುಖ್ಯ ಅನ್ನಿಸೋದು ಇಂಧನ ಅಲ್ಲ, ಒಂದೇ ಇಂಜಿನ್ನಿನ ಹಿಂದೆ ಅಷ್ಟೊಂದು ಜನ ಕೂತಿದ್ದರಲ್ಲ, ಅದು. ಪರಿಸರದ ಮೇಲಿನ ಪ್ರೀತಿಗಲ್ಲ, ಬೇರೆ ದಾರಿ ಇರಲಿಲ್ಲ ಅಂತ.

ಈಗ ನಮ್ಮ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್. ಲೀಟರಿಗೆ 15 ಕಿಲೋಮೀಟರ್ ಕೊಡೋ ಕಾರಲ್ಲಿ ಭದ್ರಾವತಿಗೆ ಹೋಗಿ ಬಂದರೆ 6 ಕಿಲೋ. ಒಬ್ಬರೇ ಹೋದರೆ ಅಷ್ಟೂ ನಿಮ್ಮ ಪಾಲಿಗೆ, ನಾಲ್ವರು ಹೋದರೆ ತಲಾ ಒಂದೂವರೆ. ಎಲೆಕ್ಟ್ರಿಕ್ ಕಾರು ಕೊಳ್ಳೋವರೆಗೆ ಕಾಯಬೇಕಾಗಿಲ್ಲ.

1899ರ ಆ ದಾರಿಯಲ್ಲಿ ಈಗ ಬ್ರಾಡ್ ಗೇಜ್ ರೈಲು ಓಡುತ್ತೆ, ರಸ್ತೆಯಲ್ಲಿ ಖಾಸಗಿ ಬಸ್ಸುಗಳೂ ಇವೆ. ‘ಟೈಮಿಂಗ್ ಹೊಂದಲ್ಲ’ ಅನ್ನೋ ದೂರು ಎಷ್ಟೋ ಸಲ ನ್ಯಾಯವಾದದ್ದೇ. ಆದರೆ ಟೈಮಿಂಗ್ ಬದಲಿಸಿ ಅಂತ ಅರ್ಜಿ ಕೊಡೋರು ದಿನಾ ಅದರಲ್ಲಿ ಓಡಾಡೋರು. ನಾವೆಲ್ಲ ಕಾರು ಹತ್ತಿದ ಮೇಲೆ ಆ ಅರ್ಜಿಗೆ ಸಹಿ ಹಾಕೋರು ಕಡಿಮೆಯಾಗುತ್ತಾ ಹೋಗ್ತಾರೆ.